ಪೋಲೆಂಡಿನ ಮನೆತನದ ಬೇಕರಿಯಲ್ಲಿ ಕೇಳಿ ಕೊಳ್ಳುವ ಬಗೆ: ಬೆಂಗಳೂರಿನಿಂದ ಹೊರಡುವವರಿಗೆ

ಓದಿಗೋ ಉದ್ಯೋಗಕ್ಕೋ ಪೋಲೆಂಡಿಗೆ ಹೋದ ಮಕ್ಕಳನ್ನು ನೋಡಲು ವಾರ್ಸಾ, ಕ್ರಾಕೋವ್, ವ್ರೊತ್ಸ್ವಾವ್ ನಗರಗಳಿಗೆ ಹೋಗಿಬರುವ ತಂದೆತಾಯಿಗಳು ನಮ್ಮ ಬಸವನಗುಡಿ, ಜಯನಗರದ ಬೀದಿಗಳಲ್ಲಿ ಈಗ ಅಪರೂಪವೇನಲ್ಲ. ನಾನೂ ಅವರಲ್ಲೊಬ್ಬಳು. ಷೆಂಗೆನ್ ವೀಸಾ ಕೊಡುವ ಗರಿಷ್ಠ 90 ದಿನಗಳನ್ನು ಮಗಳ ಮನೆಯಲ್ಲಿ ಎರಡು ಸಲ ಕಳೆದಿದ್ದೇನೆ. ಆ ದಿನಗಳಲ್ಲಿ ನಾನು ಒಬ್ಬಳೇ ನಡೆದು ಹೋಗಿ, ಒಬ್ಬಳೇ ವ್ಯವಹರಿಸಿ ಬರುತ್ತಿದ್ದ ಜಾಗವೆಂದರೆ ಅವಳ ಮನೆಯ ಕೆಳಗಿನ ಬೀದಿಯಲ್ಲಿದ್ದ ಒಂದು ಬೇಕರಿ. ಗಂಡ ರಾತ್ರಿಯಿಡೀ ಒಲೆಯ ಮುಂದೆ, ಹೆಂಡತಿ ಬೆಳಗಿನಿಂದ ಗಲ್ಲಾಪೆಟ್ಟಿಗೆಯ ಬಳಿ, ಮಗ ಪಕ್ಕದ ಗಾಜಿನ ಕಪಾಟಿನ ಹಿಂದೆ ನಿಂತು ಚೀಸು, ಉಪ್ಪಿನಕಾಯಿ, ಮಾಂಸದ ಪದಾರ್ಥಗಳನ್ನು ತೂಗಿ ಕೊಡುತ್ತಾನೆ. ಇಂಥ ಅಂಗಡಿಯಲ್ಲಿ ಏನು ಕೊಳ್ಳಬೇಕು, ಹೇಗೆ ಕೇಳಬೇಕು, ನಮ್ಮಂಥ ಸಸ್ಯಾಹಾರಿಗಳು ಎಲ್ಲಿ ಎಚ್ಚರವಾಗಿರಬೇಕು ಎಂಬುದನ್ನು ಹೊರಡುವ ಮೊದಲೇ ಯಾರಾದರೂ ನನಗೆ ಹೇಳಿದ್ದರೆ ಮೊದಲ ಎರಡು ವಾರಗಳು ವ್ಯರ್ಥವಾಗುತ್ತಿರಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಫಲಕಗಳನ್ನು ಓದಲು ಕಲಿಯಿರಿ. ‘ಪ್ಯೆಕಾರ್ನ್ಯಾ’ ಎಂದರೆ ಬ್ರೆಡ್ಡು ಸುಡುವ ಅಂಗಡಿ, ‘ತ್ಸುಕ್ಯೆರ್ನ್ಯಾ’ ಎಂದರೆ ಕೇಕು ಮತ್ತು ಸಿಹಿ ಮಾರುವ ಅಂಗಡಿ, ‘ದೆಲಿಕಾತೆಸಿ’ ಎಂದರೆ ಚೀಸು, ಮಾಂಸ, ಉಪ್ಪಿನಕಾಯಿ ಮುಂತಾದ ಸಿದ್ಧ ತಿನಿಸುಗಳ ಅಂಗಡಿ. ಮನೆತನದವರು ನಡೆಸುವ ಚಿಕ್ಕ ಅಂಗಡಿಗಳಲ್ಲಿ ಈ ಮೂರೂ ಒಂದೇ ಸೂರಿನಡಿ ಇರುವುದುಂಟು. ಇಂಥ ಅಂಗಡಿಗಳು ಬೆಳಿಗ್ಗೆ ಬಹಳ ಬೇಗ ತೆರೆಯುತ್ತವೆ, ಒಳ್ಳೆಯ ಬ್ರೆಡ್ಡು ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಗುತ್ತದೆ; ಸಂಜೆ ಐದಕ್ಕೆ ಬಿಸಿ ಖಾರಾ ಬನ್ ಹೊರಬರುವುದನ್ನು ಕಾಯುವ ನಮ್ಮ ಬೆಂಗಳೂರಿನ ಅಭ್ಯಾಸವನ್ನು ಅಲ್ಲಿ ಬೆಳಗಿಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಭಾನುವಾರದ ವಿಚಾರವನ್ನೂ ತಿಳಿದಿರಬೇಕು. 2018ರ ಮಾರ್ಚ್ 1ರಿಂದ ಅಲ್ಲಿ ಭಾನುವಾರದ ವ್ಯಾಪಾರಕ್ಕೆ ಕಾನೂನಿನ ನಿರ್ಬಂಧವಿದ್ದು, ವರ್ಷದ ಕೆಲವೇ ಭಾನುವಾರಗಳನ್ನು ಬಿಟ್ಟರೆ ದೊಡ್ಡ ಮಳಿಗೆಗಳು ಮುಚ್ಚಿರುತ್ತವೆ. ಬೇಕರಿಗಳಿಗೆ ಮತ್ತು ಮಾಲೀಕನೇ ಸ್ವತಃ ನಿಂತು ಮಾರುವ ಅಂಗಡಿಗಳಿಗೆ ಇದರಿಂದ ವಿನಾಯಿತಿ ಇರುವುದರಿಂದ, ಭಾನುವಾರ ಬೆಳಿಗ್ಗೆ ಮನೆಯಲ್ಲಿ ಏನೂ ಇಲ್ಲವೆಂದಾದಾಗ ಕೈಹಿಡಿಯುವುದು ಇಂಥ ಅಂಗಡಿಯೇ. ಆದರೆ ತೆರೆಯುವುದು ಬಿಡುವುದು ಅವರ ಇಷ್ಟವಾದ್ದರಿಂದ ಶನಿವಾರವೇ ಬಾಗಿಲ ಮೇಲಿನ ವೇಳಾಪಟ್ಟಿಯನ್ನು ನೋಡಿಕೊಳ್ಳಿ.

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ‘ಜೆನ್ ದೊಬ್ರಿ’ ಎನ್ನಬೇಕು. ನಮಸ್ಕಾರ ಎಂಬುದಕ್ಕೆ ಸಮಾನವಾದ ಈ ಮಾತನ್ನು ಅಂಗಡಿಯಾಕೆಗೆ ಮಾತ್ರವಲ್ಲ, ಸಾಲಿನಲ್ಲಿ ನಿಂತವರಿಗೂ ಸೇರಿಸಿ ಹೇಳಿದಂತೆ ಆಗುತ್ತದೆ. ನಮ್ಮ ಬೀದಿಯ ಬೇಕರಿಯಲ್ಲಿ ನಾವು ನಾಲ್ಕು ಜನರ ಹೆಗಲ ಮೇಲಿನಿಂದ ಕೈ ಚಾಚಿ ‘ಎರಡು ಬನ್ ಕೊಡಿ’ ಎಂದು ಕೂಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ; ಅಲ್ಲಿ ಅದು ಒರಟುತನ. ಸರದಿ ಬರುವವರೆಗೆ ಸುಮ್ಮನೆ ನಿಲ್ಲಬೇಕು, ಆದರೆ ಸರದಿ ಬಂದ ಮೇಲೆ ಅವಸರಪಡಬೇಕಾಗಿಲ್ಲ, ಏಕೆಂದರೆ ಆ ಎರಡು ನಿಮಿಷ ಪೂರ್ತಿ ನಿಮ್ಮದೇ. ಹೆಂಗಸರನ್ನು ‘ಪಾನಿ’ ಎಂದೂ ಗಂಡಸರನ್ನು ‘ಪಾನ್’ ಎಂದೂ ಕರೆಯುವುದು ಗೌರವದ ರೂಢಿ. ನಮ್ಮ ‘ನೀವು’ ಮಾಡುವ ಕೆಲಸವನ್ನು ಅಲ್ಲಿ ಈ ಪದಗಳು ಮಾಡುತ್ತವೆ. ಏನನ್ನಾದರೂ ಕೇಳುವಾಗ ‘ಪ್ರೋಷೆ’, ಪಡೆದಾಗ ‘ಜೆಂಕುಯೆ’, ಹೊರಡುವಾಗ ‘ದೋ ವಿದ್ಜೆನ್ಯಾ’ – ಈ ಮೂರನ್ನು ವಿಮಾನದಲ್ಲೇ ಬಾಯಿಪಾಠ ಮಾಡಿಕೊಳ್ಳಬಹುದು. ಉಚ್ಚಾರ ತಪ್ಪಿದರೆ ಚಿಂತೆಯಿಲ್ಲ. ಅಂಗಡಿಯ ಆ ತಾಯಿ ಮೊದಲ ವಾರ ನನ್ನ ಮುಖ ನೋಡಿ ನಗಲೂ ಇಲ್ಲ, ಅದನ್ನು ನಾನು ಅನಾದರವೆಂದೇ ತಿಳಿದಿದ್ದೆ. ಅಪರಿಚಿತರನ್ನು ಕಂಡು ನಗುವುದು ಅಲ್ಲಿನ ಹಳೆಯ ತಲೆಮಾರಿನವರ ರೂಢಿಯಲ್ಲ ಎಂದು ಮಗಳು ವಿವರಿಸಿದ ಮೇಲೆ, ಆಕೆ ಪ್ರತಿದಿನ ನನಗಾಗಿ ಚೆನ್ನಾಗಿ ಸುಟ್ಟ ಬ್ರೆಡ್ಡನ್ನೇ ಆರಿಸಿ ಕೊಡುತ್ತಿದ್ದುದು ನನ್ನ ಗಮನಕ್ಕೆ ಬಂತು.

ಇನ್ನು ಬ್ರೆಡ್ಡಿನ ವಿಚಾರ. ‘ಹ್ಲೆಬ್’ ಎಂದರೆ ದೊಡ್ಡ ಬ್ರೆಡ್ಡು, ‘ಬೂವ್ಕಾ’ ಎಂದರೆ ಅಂಗೈಯಗಲದ ಬನ್ನು. ‘ಪ್ಷೆನ್ನಿ’ ಎಂದಿದ್ದರೆ ಗೋಧಿಯದು, ‘ಜಿತ್ನಿ’ ಎಂದಿದ್ದರೆ ರೈ ಧಾನ್ಯದ್ದು, ‘ರಾಜೋವಿ’ ಎಂದಿದ್ದರೆ ತೌಡು ತೆಗೆಯದ ಹಿಟ್ಟಿನದು. ಮೆತ್ತನೆಯ ಬಿಳಿ ಬ್ರೆಡ್ಡಿಗೆ ಒಗ್ಗಿದ ನಮ್ಮ ಬಾಯಿಗೆ ರೈ ಬ್ರೆಡ್ಡು ಮೊದಲ ದಿನ ಭಾರವೆನಿಸುತ್ತದೆ, ಹುಳಿಯೆನಿಸುತ್ತದೆ. ಕೆಟ್ಟಿದೆಯೆಂದು ಹಿಂತಿರುಗಿಸಲು ಹೋಗಬೇಡಿ. ಆ ಹುಳಿ ಬೇಕೆಂದೇ ತಂದದ್ದು. ಗೋಧಿಯ ಹಿಟ್ಟನ್ನು ಹಿಡಿದಿಡುವ ಜಿಗುಟು ರೈ ಹಿಟ್ಟಿನಲ್ಲಿ ಅಷ್ಟಾಗಿ ಇಲ್ಲ, ಮೇಲಾಗಿ ಅದರಲ್ಲಿರುವ ಕಿಣ್ವಗಳು ಪಿಷ್ಟವನ್ನು ಬೇಗನೆ ಒಡೆದು ಬ್ರೆಡ್ಡಿನ ಒಳಭಾಗವನ್ನು ಅಂಟಂಟಾಗಿಸುತ್ತವೆ. ಹುಳಿ ಏರಿದಾಗ ಆ ಕಿಣ್ವಗಳ ಕೆಲಸ ತಗ್ಗುತ್ತದೆ, ಬ್ರೆಡ್ಡು ಗಟ್ಟಿಯಾಗಿ ನಿಲ್ಲುತ್ತದೆ. ಆದ್ದರಿಂದಲೇ ರೈ ಹಿಟ್ಟನ್ನು ನೀರಿನಲ್ಲಿ ಕಲಸಿ ದಿನಗಟ್ಟಲೆ ಹುದುಗು ಬರಿಸಿದ ‘ಜಾಕ್ವಾಸ್’ ಎಂಬ ಹುಳಿಹಿಟ್ಟನ್ನು ಅವರು ವರ್ಷಗಟ್ಟಲೆ ಕಾಪಾಡಿಕೊಂಡು ಬರುತ್ತಾರೆ. ಹಿಂದಿನ ದಿನದ ದೋಸೆಹಿಟ್ಟನ್ನು ಒಂದು ಸೌಟು ಉಳಿಸಿ ಹೊಸ ಹಿಟ್ಟಿಗೆ ಬೆರೆಸುವ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ‘ನಾ ಜಾಕ್ವಾಶ್ಯೆ’ ಎಂದು ಬರೆದಿದ್ದರೆ ಅದು ಹುಳಿಹಿಟ್ಟಿನಿಂದ ಮಾಡಿದ ಬ್ರೆಡ್ಡು. ಮೊದಲ ಸಲ ಇಡೀ ಬ್ರೆಡ್ಡು ಕೊಳ್ಳದೆ ಅರ್ಧ ಕೇಳಿ – ‘ಪೂವ್ ಹ್ಲೆಬಾ’ ಎಂದರೆ ಸಾಕು, ಬಹಳಷ್ಟು ಕಡೆ ಕತ್ತರಿಸಿ ಕೊಡುತ್ತಾರೆ. ಹೋಳು ಮಾಡಿಸಬೇಕಿದ್ದರೆ ‘ಪ್ರೋಷೆ ಪೊಕ್ರೋಯಿಚ್’ ಎನ್ನಿ. ಆಗತಾನೇ ಒಲೆಯಿಂದ ಬಂದ ರೈ ಬ್ರೆಡ್ಡನ್ನು ಹೋಳು ಮಾಡಲು ಒಪ್ಪದಿದ್ದರೆ ಬೇಸರಿಸಬೇಡಿ, ಆರುವ ಮೊದಲು ಕತ್ತರಿಸಿದರೆ ಅದು ಅಲಗಿಗೆ ಅಂಟಿ ಹಾಳಾಗುತ್ತದೆ. ಬೆರಳಿನಿಂದ ಒತ್ತಿ ಮೆತ್ತಗಿದೆಯೇ ಎಂದು ಪರೀಕ್ಷಿಸುವುದಂತೂ ಕೂಡದು. ಅನ್ನವನ್ನು ಕಾಲಿಗೆ ತಗಲಿಸದ ನಮ್ಮ ಹಿರಿಯರಂತೆ, ಕೆಳಗೆ ಬಿದ್ದ ಬ್ರೆಡ್ಡಿನ ತುಂಡನ್ನು ಎತ್ತಿ ಮುತ್ತಿಡುವ ಹಿರಿಯರು ಅಲ್ಲಿದ್ದಾರೆ, ಹೊಸ ವಧೂವರರನ್ನು ಮನೆ ತುಂಬಿಸಿಕೊಳ್ಳುವುದೂ ಬ್ರೆಡ್ಡು ಮತ್ತು ಉಪ್ಪಿನಿಂದ.

ಸಸ್ಯಾಹಾರಿಗಳು ಮುಂದಿನ ಭಾಗವನ್ನು ನಿಧಾನವಾಗಿ ಓದಬೇಕೆಂದು ನನ್ನ ಕೋರಿಕೆ. ನಮ್ಮ ಅಯ್ಯಂಗಾರ್ ಬೇಕರಿಗಳ ವಾಡಿಕೆಯ ನೆರಳಿನಲ್ಲಿ ಬೆಳೆದವರಿಗೆ ಬೇಕರಿ ಎಂದರೆ ಮೊಟ್ಟೆಯಿಲ್ಲದ, ನಿಶ್ಚಿಂತೆಯಿಂದ ತಿನ್ನಬಹುದಾದ ಜಾಗ ಎಂಬ ಭಾವನೆ ರಕ್ತದಲ್ಲೇ ಇದೆ. ಮೊಟ್ಟೆ ಪಫ್ ಮಾರುವ ಅಂಗಡಿಯಲ್ಲೂ ಹಸಿರು ಚುಕ್ಕೆ, ಕಂದು ಗುರುತು ನೋಡಿಕೊಂಡರೆ ಇಲ್ಲಿ ಕೆಲಸ ಆಗುತ್ತದೆ. ಅಲ್ಲಿ ಆ ಗುರುತುಗಳಿಲ್ಲ. ನಾನು ಹೋದ ಮೊದಲ ವಾರ, ವೆಜ್ ಪಫ್‌ನಂತೆಯೇ ಪದರ ಪದರವಾಗಿ ಹೊಳೆಯುತ್ತಿದ್ದ ‘ಪಾಷ್ಟೇಚಿಕ್’ ಎಂಬ ತಿನಿಸನ್ನು ಬೆರಳು ತೋರಿಸಿ ಕೊಂಡು, ಮನೆಗೆ ಬಂದು ಬಾಯಿಗಿಟ್ಟೆ. ಒಳಗಿದ್ದದ್ದು ಮಾಂಸ. ಆ ದಿನ ಮತ್ತೇನೂ ಸೇರಲಿಲ್ಲ. ಅಂಗಡಿಯವರು ಮುಚ್ಚಿಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಕೇಳಿದ್ದಕ್ಕೆ ಮಾತ್ರ, ಕೇಳಿದಷ್ಟಕ್ಕೆ ಮಾತ್ರ ಉತ್ತರಿಸುವುದು ಅಲ್ಲಿನ ವ್ಯಾಪಾರದ ರೀತಿ. ಆದರೆ ಕೇಳಿದರೆ ಆ ಉತ್ತರ ನಂಬಿಕೆಗೆ ಅರ್ಹವಾಗಿರುತ್ತದೆ, ಏಕೆಂದರೆ ಹಿಟ್ಟು ಕಲಸಿದವನು ಗೋಡೆಯ ಆಚೆಗೇ ಇರುತ್ತಾನೆ. ಆಕೆಗೆ ತಿಳಿಯದಿದ್ದಾಗ ಒಳಗೆ ಹೋಗಿ ಗಂಡನನ್ನು ಕೇಳಿಕೊಂಡು ಬಂದದ್ದೂ ಉಂಟು. ದೊಡ್ಡ ಮಳಿಗೆಯಲ್ಲಿ ಈ ಸೌಲಭ್ಯ ಸಿಗದು.

ಕೇಳಬೇಕಾದ ಪದಗಳು ನಾಲ್ಕು. ‘ಮ್ಯೆನ್ಸೊ’ ಎಂದರೆ ಮಾಂಸ, ‘ಸ್ಮಾಲೆಟ್ಸ್’ ಎಂದರೆ ಹಂದಿಯ ಕೊಬ್ಬು, ‘ಯಾಯ್ಕಾ’ ಎಂದರೆ ಮೊಟ್ಟೆಗಳು, ‘ಝೆಲಾತಿನಾ’ ಎಂದರೆ ಪ್ರಾಣಿಜನ್ಯ ಜೆಲಾಟಿನ್. ಇವನ್ನು ಪೋಲಿಷ್ ಲಿಪಿಯಲ್ಲಿ ಮಕ್ಕಳಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು, ‘ಇವುಗಳಲ್ಲಿ ಯಾವುದಾದರೂ ಇದರಲ್ಲಿದೆಯೇ?’ ಎಂಬ ಒಂದು ವಾಕ್ಯವನ್ನೂ ಸೇರಿಸಿಕೊಂಡು, ಪರ್ಸಿನಲ್ಲಿಟ್ಟುಕೊಳ್ಳಿ. ‘ನಾನು ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಸಾಲದು. ಅಲ್ಲಿ ಸಸ್ಯಾಹಾರಿಗಳು ಮೊಟ್ಟೆ ತಿನ್ನುತ್ತಾರೆ, ಕೆಲವರು ಮೀನನ್ನೂ ಮಾಂಸವೆಂದು ಎಣಿಸುವುದಿಲ್ಲ. ಹಂದಿಯ ಕೊಬ್ಬಿನ ಬಗ್ಗೆ ಪ್ರತ್ಯೇಕವಾಗಿಯೇ ಕೇಳಬೇಕು, ಏಕೆಂದರೆ ಅದರಲ್ಲಿ ಕರಿದ ತಿನಿಸನ್ನು ‘ಮಾಂಸವಿಲ್ಲ’ ಎಂದು ಅವರು ಪ್ರಾಮಾಣಿಕವಾಗಿಯೇ ಹೇಳಬಹುದು. ಗುಲಾಬಿಯ ಜಾಮ್ ತುಂಬಿದ ‘ಪೊಂಚೆಕ್’ ಎಂಬ ಕರಿದ ಉಂಡೆ ಇದಕ್ಕೆ ತಕ್ಕ ಉದಾಹರಣೆ: ಸಾಂಪ್ರದಾಯಿಕವಾಗಿ ಅದನ್ನು ಕರಿಯುವುದು ಸ್ಮಾಲೆಟ್ಸ್‌ನಲ್ಲಿ, ಹಿಟ್ಟಿಗೆ ಮೊಟ್ಟೆಯ ಹಳದಿ ಹಾಕುತ್ತಾರೆ, ಎಣ್ಣೆ ಹೀರದಿರಲೆಂದು ಒಂದು ಚಮಚ ಮದ್ಯವನ್ನೂ ಸೇರಿಸುವುದುಂಟು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿ. ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರ್ 13ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಪೊಟ್ಟಣ ಕಟ್ಟದೆ ಬಿಡಿಯಾಗಿ ಮಾರುವ ತಿನಿಸಿನಲ್ಲೂ 14 ಬಗೆಯ ಅಲರ್ಜಿಕಾರಕ ಪದಾರ್ಥಗಳ ಮಾಹಿತಿಯನ್ನು ಅಂಗಡಿಯವರು ಕೊಡಲೇಬೇಕು. ಆ ಪಟ್ಟಿಯಲ್ಲಿ ಮೊಟ್ಟೆಯಿದೆ, ಹಾಲಿದೆ, ಮೀನಿದೆ. ಆದ್ದರಿಂದ ಮೊಟ್ಟೆಯ ವಿಚಾರದಲ್ಲಿ ಭಾಷೆ ಬಾರದಿದ್ದರೂ ಪಟ್ಟಿಯನ್ನು ತೋರಿಸಿ ಎಂದು ಕೇಳಿ ಖಚಿತಪಡಿಸಿಕೊಳ್ಳಬಹುದು. ಆದರೆ ಹಂದಿಯ ಕೊಬ್ಬಾಗಲಿ ಜೆಲಾಟಿನ್ ಆಗಲಿ ಅಲರ್ಜಿಕಾರಕಗಳ ಸಾಲಿಗೆ ಸೇರುವುದಿಲ್ಲ, ಆ ಪಟ್ಟಿಯನ್ನು ಎಷ್ಟು ಓದಿದರೂ ಅವು ಕಾಣಸಿಗುವುದಿಲ್ಲ. ನನ್ನ ಪರಿಚಯದ ಒಂದು ದಂಪತಿ ಈ ಪಟ್ಟಿಯನ್ನೇ ನಂಬಿ ಒಂದು ತಿಂಗಳು ತಿಂದು, ಅನಂತರ ನಿಜ ತಿಳಿದು ಬಹಳ ನೊಂದರು. ಬಾಯಿಬಿಟ್ಟು ಕೇಳುವುದಕ್ಕೆ ಬದಲಿಯಿಲ್ಲ.

ಹಾಗಾದರೆ ನಿಶ್ಚಿಂತೆಯಿಂದ ಏನು ತಿನ್ನಬಹುದು? ಹಿಟ್ಟು, ನೀರು, ಉಪ್ಪು ಮಾತ್ರ ಹಾಕಿದ ಸಾದಾ ರೈ ಬ್ರೆಡ್ಡು ಮೊದಲ ಆಯ್ಕೆ. ಜಡೆಯಂತೆ ಹೆಣೆದ ‘ಹಾವ್ಕಾ’ ನೋಡಲು ಚೆಂದ, ಆದರೆ ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ. ‘ಸೆರ್ನಿಕ್’ ಎಂಬ ಚೀಸ್ ಕೇಕಿನಲ್ಲೂ ಮೊಟ್ಟೆ. ಒಲೆಗಿಡದೆ ತಣ್ಣಗೆ ಗಟ್ಟಿಮಾಡುವ ಬಗೆಯಲ್ಲಿ ಜೆಲಾಟಿನ್. ಸಿಹಿಯ ಕಪಾಟಿನಲ್ಲಿ ಮೊಟ್ಟೆ ತಿನ್ನದವರಿಗೆ ಸಿಗುವುದು ನಿಜಕ್ಕೂ ಕಡಿಮೆ.

ಅದಕ್ಕಿಂತ ಹೆಚ್ಚು ಸಿಗುವುದು, ಮೇಲ್ನೋಟಕ್ಕೆ ನಮ್ಮದಲ್ಲವೆಂದು ತೋರುವ ಡೆಲಿ ಕಪಾಟಿನಲ್ಲಿ. ಸಾಸೇಜುಗಳು ತೂಗುಹಾಕಿರುವ ಆ ಕಡೆಗೆ ಹೋಗಲು ನಾನು ಬಹಳ ದಿನ ಹಿಂಜರಿದೆ. ಹೋದ ಮೇಲೆ ಕಂಡದ್ದು ‘ತ್ವಾರೂಗ್’. ಹಾಲನ್ನು ಹೆಪ್ಪಿನಿಂದ ಹುಳಿಯಾಗಿಸಿ, ಹದವಾಗಿ ಬಿಸಿಮಾಡಿ, ಬಟ್ಟೆಯಲ್ಲಿ ಸೋಸಿ ಒತ್ತಿದ ಈ ಬಿಳಿ ಚೀಸು ನಮ್ಮ ಪನೀರಿಗೂ ಗಟ್ಟಿಮೊಸರಿಗೂ ನಡುವಿನದು. ಗಟ್ಟಿಯಾದ ಹಳದಿ ಚೀಸುಗಳಲ್ಲಿ ಹಾಲನ್ನು ಒಡೆಯಲು ‘ಪೊದ್ಪುಷ್ಚ್ಕಾ’ ಬಳಸುತ್ತಾರೆ, ಅದು ಕರುವಿನ ಜಠರದಿಂದ ತೆಗೆದ ಕಿಣ್ವವಾಗಿರಬಹುದು. ಸಾಂಪ್ರದಾಯಿಕ ತ್ವಾರೂಗ್‌ಗೆ ಅದರ ಅಗತ್ಯವಿಲ್ಲ. ಕುರಿಯ ಹಾಲಿನಿಂದ ಮಾಡಿ ಹೊಗೆಯಲ್ಲಿ ಹದಮಾಡುವ, 2008ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ರಕ್ಷಣೆ ಪಡೆದ ‘ಒಸ್ತ್ಸಿಪೆಕ್’ ಬಹಳ ಹೆಸರುವಾಸಿಯಾದರೂ, ಅದಕ್ಕೆ ಕಿಣ್ವ ಬೇಕಾಗುವುದರಿಂದ ನಾನು ಮುಟ್ಟಲಿಲ್ಲ.

ತೂಕ ಹೇಳುವ ಕ್ರಮ ಇಲ್ಲಿ ಬೇರೆ. ನಾವು ಗ್ರಾಂ ಎನ್ನುವಲ್ಲಿ ಅವರು ‘ದೇಕಾ’ ಎನ್ನುತ್ತಾರೆ. ಒಂದು ದೇಕಾ ಎಂದರೆ 10 ಗ್ರಾಂ. ಕಾಲು ಕಿಲೋ ಬೇಕಿದ್ದರೆ ಇಪ್ಪತ್ತೈದು ದೇಕಾ ಎನ್ನಬೇಕು. ಇನ್ನೂರು ಎಂದು ಬಾಯಿತಪ್ಪಿ ಹೇಳಿ ಎರಡು ಕಿಲೋ ತೂಗಿಸಿಕೊಳ್ಳದಿರಲು, ಬೆರಳೆಣಿಸಿ ತೋರಿಸುವುದಕ್ಕಿಂತ ಚೀಟಿಯಲ್ಲಿ ಅಂಕಿ ಬರೆದು ತೋರಿಸುವುದು ಒಳ್ಳೆಯದು. ಕಪಾಟಿನ ಹಿಂದಿನ ಹುಡುಗ ಮಾಂಸ ಕತ್ತರಿಸಿದ ಕೈಗವಸಿನಲ್ಲೇ ಚೀಸನ್ನು ಮುಟ್ಟಿದರೆ ನಿಮಗೆ ಕಸಿವಿಸಿಯಾಗುವುದು ಸಹಜ. ಕೈಗವಸನ್ನೂ ಚಾಕುವನ್ನೂ ಬದಲಿಸಿರೆಂದು ಕೈಸನ್ನೆಯಲ್ಲಿ ವಿನಯದಿಂದ ಕೇಳಿದರೆ ಸಾಕು. ನನಗೆ ಎರಡನೆಯ ಸಲ ಕೇಳಬೇಕಾಗಲಿಲ್ಲ, ನನ್ನನ್ನು ಕಂಡ ಕೂಡಲೇ ಅವನು ಹೊಸ ಕೈಗವಸು ಹಾಕಿಕೊಳ್ಳುತ್ತಿದ್ದ.

ಉಪ್ಪಿನಕಾಯಿಯ ಜಾಡಿಗಳನ್ನು ಕೊಳ್ಳುವಾಗ ಎರಡು ಪದಗಳನ್ನು ಬೇರ್ಪಡಿಸಿ ನೋಡಿ. ‘ಕಿಷೋನೆ’ ಎಂದರೆ ಉಪ್ಪುನೀರಿನಲ್ಲಿ ತಾನಾಗಿ ಹುಳಿ ಬಂದದ್ದು, ‘ಕೊನ್ಸೆರ್ವೋವೆ’ ಎಂದರೆ ವಿನೆಗರ್ ಹಾಕಿ ಸಿಹಿ-ಹುಳಿ ಮಾಡಿದ್ದು. ಉಪ್ಪುನೀರಿನಲ್ಲಿ ಮಾಗಿದ ಮಿಡಿಯ ರುಚಿ ಗೊತ್ತಿರುವವರಿಗೆ ಮೊದಲನೆಯದೇ ಹಿಡಿಸುತ್ತದೆ. ಸಬ್ಬಸಿಗೆಯ ಹೂತೆನೆ, ಬೆಳ್ಳುಳ್ಳಿ, ಮೂಲಂಗಿ ಜಾತಿಯ ಒಂದು ಖಾರದ ಬೇರು ಹಾಕಿ ಹದಮಾಡಿದ ಆ ಸೌತೆಕಾಯಿಯನ್ನು ಮೊಸರನ್ನದ ಜೊತೆ ತಿಂದದ್ದು ನನಗೆ ಪರದೇಶದಲ್ಲಿ ಸಿಕ್ಕ ಅತ್ಯಂತ ಸಮಾಧಾನದ ಊಟ. ಆಲೂಗಡ್ಡೆ ಮತ್ತು ತ್ವಾರೂಗ್ ತುಂಬಿದ ‘ಪ್ಯೆರೋಗಿ ರೂಸ್ಕ್ಯೆ’ ಎಂಬ ಕಡುಬುಗಳನ್ನೂ ತೂಕಕ್ಕೆ ಮಾರುತ್ತಾರೆ. ಹಿಟ್ಟಿನಲ್ಲಿ ಮೊಟ್ಟೆಯಿದೆಯೇ ಎಂದು ಕೇಳಿ, ಬಿಸಿಮಾಡಿ ಬಡಿಸುವ ಕಡೆಯಲ್ಲಾದರೆ ಮೇಲೆ ಉದುರಿಸುವ ಹುರಿದ ಕೊಬ್ಬಿನ ಚೂರುಗಳಾದ ‘ಸ್ಕ್ವಾರ್ಕಿ’ ಬೇಡವೆನ್ನಿ. ಡಿಸೆಂಬರ್ 24ರ ರಾತ್ರಿಯ ಕ್ರಿಸ್‌ಮಸ್ ಊಟದಲ್ಲಿ ಮಾಂಸ ವರ್ಜ್ಯವಾದ್ದರಿಂದ, ಅದರ ಹಿಂದಿನ ವಾರದಲ್ಲಿ ಎಲೆಕೋಸು ಮತ್ತು ಅಣಬೆ ತುಂಬಿದ ಕಡುಬುಗಳು ಹೇರಳವಾಗಿ ಬರುತ್ತವೆ. ಸಸ್ಯಾಹಾರಿಗೆ ವರ್ಷದಲ್ಲೇ ಅನುಕೂಲವಾದ ವಾರ ಅದು. ಇದಕ್ಕೆ ವಿರುದ್ಧವಾಗಿ, ಈಸ್ಟರಿಗೆ ಮುಂಚಿನ ಉಪವಾಸಕಾಲ ತೊಡಗುವ ಮೊದಲಿನ ಕೊನೆಯ ಗುರುವಾರ ‘ತ್ವುಸ್ತಿ ಚ್ವಾರ್ತೆಕ್’ ದಿನ ಇಡೀ ದೇಶವೇ ಪೊಂಚೆಕ್ ತಿನ್ನುತ್ತದೆ. ಅಂದು ಬೆಳಗಿನ ಸಾಲು ಬೀದಿಯವರೆಗೆ ಬೆಳೆಯುವುದರಿಂದ ನಿಮ್ಮ ಬ್ರೆಡ್ಡನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳಿ.

ಬಾಟಲಿಯಲ್ಲಿ ಮಾರುವ ಮಸುಕು ಬಿಳಿಯ ದ್ರವವೊಂದನ್ನು ಕಂಡರೆ ಬಿಡಬೇಡಿ. ಅದು ‘ಝೂರೆಕ್’ ಎಂಬ ಹುಳಿ ಸಾರಿಗೆ ಬೇಕಾದ ಜಾಕ್ವಾಸ್: ರೈ ಹಿಟ್ಟು, ನೀರು, ಬೆಳ್ಳುಳ್ಳಿಯನ್ನು ನಾಲ್ಕೈದು ದಿನ ಹುದುಗಿಸಿದ್ದು. ಹೋಟೆಲಿನ ಝೂರೆಕ್‌ನಲ್ಲಿ ಸಾಸೇಜು ಮತ್ತು ಮೊಟ್ಟೆ ಇದ್ದೇ ಇರುತ್ತದೆ. ಮನೆಯಲ್ಲಾದರೆ ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿಯನ್ನು ಬೇಯಿಸಿ, ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ ಸುರಿದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಮರುಗದ ಒಣಎಲೆಯನ್ನು ಉಜ್ಜಿ ಹಾಕಿದರೆ ಮುಗಿಯಿತು. ಹುಳಿಬಂದ ರಾಗಿ ಅಂಬಲಿ ಕುಡಿದು ಬೆಳೆದ ನನ್ನ ಯಜಮಾನರು ಮೊದಲ ತುತ್ತಿಗೇ ಅದರ ನೆಂಟಸ್ತಿಕೆಯನ್ನು ಗುರುತಿಸಿದರು.

ಕೊಂಡ ವಸ್ತುವಿನಲ್ಲಿ ದೋಷ ಕಂಡರೆ ಏನು ಮಾಡಬೇಕು? ಒಮ್ಮೆ ನನಗೆ ಸಿಕ್ಕ ಬ್ರೆಡ್ಡಿನ ಒಳಗೆ ದೊಡ್ಡ ಪೊಳ್ಳು ಇತ್ತು. ಅದನ್ನು ರಸೀದಿಯೊಡನೆ ಮರುದಿನ ಬೆಳಿಗ್ಗೆ, ಸಾಲು ಕರಗಿದ ಮೇಲೆ ತೆಗೆದುಕೊಂಡು ಹೋಗಿ ತೋರಿಸಿದೆ. ಆಕೆ ಮಾತಾಡದೆ ಬೇರೊಂದನ್ನು ಕೊಟ್ಟು, ಹಳೆಯದನ್ನು ಒಳಗೆ ಗಂಡನ ಬಳಿಗೆ ಒಯ್ದರು. ಇತರ ಗಿರಾಕಿಗಳ ಮುಂದೆ ದನಿಯೇರಿಸಿದ್ದರೆ ಬ್ರೆಡ್ಡು ಸಿಗುತ್ತಿತ್ತೇನೋ, ಮರುದಿನದ ಮುಖ ಸಿಗುತ್ತಿರಲಿಲ್ಲ. ಬೆಲೆಯಲ್ಲಿ ಚೌಕಾಸಿಯಂತೂ ಬೇಡ. ನಿನ್ನೆಯ ಬ್ರೆಡ್ಡನ್ನು ಕಡಿಮೆ ಬೆಲೆಗೆ ಕೊಡುವ ಪದ್ಧತಿ ಕೆಲವು ಅಂಗಡಿಗಳಲ್ಲಿದೆ, ‘ಫ್ಚೊರಾಯ್ಷಿ’ ಎಂದು ಕೇಳಿದರೆ ತಿಳಿಯುತ್ತದೆ. ರೈ ಬ್ರೆಡ್ಡಿನ ರುಚಿ ಎರಡನೆಯ ದಿನವೇ ಹೆಚ್ಚು ಎಂಬುದು ನನ್ನ ಅನುಭವ.

ಕೊನೆಯದಾಗಿ, ಬೆಂಗಳೂರಿಗೆ ತರುವ ವಿಚಾರ. ಚೀಸು ಮತ್ತು ಮಾಂಸದ ಪದಾರ್ಥಗಳನ್ನು ತರಲು ಹೋಗಬೇಡಿ, ಪ್ರಾಣಿಜನ್ಯ ಆಹಾರದ ಮೇಲೆ ನಮ್ಮ ದೇಶದ ನಿಯಮಗಳು ಬಿಗಿಯಾಗಿವೆ. ಗಸಗಸೆಯನ್ನು ಅರೆದು ತುಂಬಿ ಸುರುಳಿ ಸುತ್ತಿದ ‘ಮಾಕೋವ್ಯೆತ್ಸ್’ ಎಂಬ ಕೇಕು, ಗಸಗಸೆ ಪಾಯಸ ಬಲ್ಲ ನಮ್ಮ ನೆಂಟರಿಗೆ ಬಹಳ ಇಷ್ಟವಾದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ನಿಮ್ಮ ವಿಮಾನ ದುಬೈ ಮೂಲಕ ಬರುವುದಾದರೆ ಅದನ್ನು ಖಂಡಿತ ಮುಟ್ಟಬೇಡಿ, ಏಕೆಂದರೆ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ ವಸ್ತು. ತರಬೇಕಾದದ್ದು ಹೋಳು ಮಾಡಿಸದ ಇಡೀ ರೈ ಬ್ರೆಡ್ಡು. ಹೊರಡುವ ಹಿಂದಿನ ದಿನ ಕೊಂಡು, ಪೂರ್ತಿ ಆರಿದ ಮೇಲೆ ಹತ್ತಿಬಟ್ಟೆಯಲ್ಲಿ ಸುತ್ತಿ, ಕಾಗದದ ಚೀಲದಲ್ಲಿಟ್ಟು ಪೆಟ್ಟಿಗೆಯ ನಡುವೆ ಇಡಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರಿ ಬೂಸಲು ಹಿಡಿಯುತ್ತದೆ. ಇಲ್ಲಿಗೆ ಬಂದ ಮೇಲೆ ಫ್ರಿಜ್ಜಿನ ಕೆಳಭಾಗದಲ್ಲಿ ಇಡಬಾರದು, ಆ ತಂಪಿನಲ್ಲಿ ಪಿಷ್ಟ ಬೇಗನೆ ಗಟ್ಟಿಯಾಗಿ ಬ್ರೆಡ್ಡು ಒರಟಾಗುತ್ತದೆ. ಎರಡು ದಿನಕ್ಕೆ ಬೇಕಾದಷ್ಟನ್ನು ಹೊರಗಿಟ್ಟು, ಉಳಿದದ್ದನ್ನು ಹೋಳು ಮಾಡಿ ಫ್ರೀಜರಿನಲ್ಲಿಡಿ, ಬೇಕಾದಾಗ ನೇರವಾಗಿ ಕಾದ ಕಾವಲಿಯ ಮೇಲೆ ಹಾಕಿ. ಜೂನ್ ಕಳೆದ ಮೇಲಿನ ನಮ್ಮ ಮಳೆಯ ದಿನಗಳಲ್ಲಿ ಹೊರಗಿಡುವ ಎರಡು ದಿನವನ್ನೂ ಒಂದಕ್ಕೆ ಇಳಿಸಿ.

ಎರಡನೆಯ ಸಲ ಹೋಗುವಾಗ ನಾನು ವಿಶ್ವೇಶ್ವರಪುರದಿಂದ ಬೆಣ್ಣೆ ಬಿಸ್ಕತ್ತಿನ ಎರಡು ಪೊಟ್ಟಣಗಳನ್ನು ಆ ತಾಯಿಗೆಂದು ಒಯ್ದಿದ್ದೆ. ತೆಗೆದುಕೊಳ್ಳುವ ಮೊದಲು ಆಕೆ ನನ್ನನ್ನು ಕೇಳಿದ ಪ್ರಶ್ನೆ, ಇದರಲ್ಲಿ ಯಾಯ್ಕಾ ಇದೆಯೇ ಎಂಬುದು. ಮೊಮ್ಮಗನಿಗೆ ಮೊಟ್ಟೆ ಆಗಿಬರುವುದಿಲ್ಲವಂತೆ. ಇಲ್ಲವೆಂದು ಹೇಳಿದೆ. ಆಕೆ ಒಂದು ಪೊಟ್ಟಣವನ್ನು ಗಲ್ಲಾಪೆಟ್ಟಿಗೆಯ ಹಿಂದೆ ಎತ್ತಿಟ್ಟು, ಇನ್ನೊಂದನ್ನು ಬಿಚ್ಚಿ ಸಾಲಿನಲ್ಲಿ ನಿಂತವರಿಗೆಲ್ಲ ಒಂದೊಂದು ಹಂಚಿದರು.